ಸ್ವರ್ಗಕ್ಕೆ ಕಟ್ಟುವ ಬಾಡಿಗೆ

ಅವತ್ತು ಗ್ರಾಮ ಪಂಚಾಯಿತಿ ಆಫೀಸಿನ ಮುಂದೆ, ಹೊಂಗೆ ಮರದ ನೆರಳಿನಲ್ಲಿ ಯಾರ್ಯಾರು ಕೂತಿದ್ದರು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಮ್ಮ ಅಧ್ಯಕ್ಷೆ, ಅವರ ಪಕ್ಕದಲ್ಲಿ ಪಂಚಾಯಿತಿಯ ಪಿಡಿಒ, ಅವರ ಪಕ್ಕದಲ್ಲಿ ಉಪ್ಪಿನಕಾಯಿ ಕಂಪನಿಯ ಮ್ಯಾನೇಜರು. ಎದುರಿಗೆ ಹಾಸಿದ್ದ ಜಮಖಾನದ ಮೇಲೆ ಊರಿನವರು. ಅವರ ನಡುವೆ, ಸಭೆಗೆ ಬಂದರೂ ಕೈ ಸುಮ್ಮನಿರದೆ ಕನಕಾಂಬರ ಕಟ್ಟುತ್ತಿದ್ದ ನನ್ನ ಚಿಕ್ಕಮ್ಮ. ಇನ್ನು, ಪಾವಗಡದ ಆಚೆ ಗಡಿಯ ಹಳ್ಳಿಯಿಂದ ಸೊಸೆಯ ತವರನ್ನು ನೋಡಿಹೋಗೋಣವೆಂದು ಬಂದು, ಎಲ್ಲಾದರೂ ನಾಲ್ಕು ಜನ ಸೇರಿದ್ದಾರೆಂದರೆ ಕಾಲು ತಡೆಯದ ನಮ್ಮ ಬೀಗರು. ಅವರ ಪಕ್ಕದಲ್ಲಿ, ಮಧುಗಿರಿಯಲ್ಲಿ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಾನು.

ಯಾರ ಹೆಸರನ್ನೂ ಹೇಳುವುದಿಲ್ಲ. ಜಂಬಕ್ಕಲ್ಲ, ಭಯಕ್ಕೆ. ಹೆಸರಿಗೂ ಬಾಡಿಗೆ ಇದೆ ಅನ್ನುವುದು ನಮಗೆಲ್ಲ ಗೊತ್ತಾದದ್ದೇ ಆ ಸಭೆಯಲ್ಲಿ. ಒಂದು ಹೆಸರು ಬರೆದು, ಆಮೇಲೆ ಅದಕ್ಕೆ ಬಾಡಿಗೆ ಕಟ್ಟಿರೆಂದು ಯಾವುದೋ ದ್ವೀಪದಿಂದ ನೋಟಿಸು ಬಂದರೆ ನನ್ನ ಜೆರಾಕ್ಸ್ ಅಂಗಡಿ ತಡೆದುಕೊಳ್ಳುವುದಿಲ್ಲ.

ಸಭೆ ಕರೆದದ್ದು ಒಂದು ಮೋರಿಯ ಸಲುವಾಗಿ. ನಮ್ಮೂರಿಗೂ ಹೈವೇ ಕ್ರಾಸಿಗೂ ನಡುವೆ ಒಂದು ಹಳ್ಳ, ಹಳ್ಳದ ಮೇಲೊಂದು ಮೋರಿ. ನಮ್ಮ ಅಜ್ಜಂದಿರು ಗಾಡಿ ಹೊಡೆದ ಮೋರಿ ಅದು. ಎತ್ತಿನ ಗಾಡಿಯ ಭಾರವನ್ನು ತಡೆದಿತ್ತು, ಟ್ರ್ಯಾಕ್ಟರನ್ನು ತಡೆದಿತ್ತು, ಮಧುಗಿರಿಯಿಂದ ಬೆಳಗಿನ ಜಾವ ಬರುವ ಕೆಂಪು ಬಸ್ಸನ್ನೂ ತಡೆದಿತ್ತು. ಉಪ್ಪಿನಕಾಯಿಯನ್ನು ತಡೆಯಲಿಲ್ಲ.

ಉಪ್ಪಿನಕಾಯಿ ಅಂದರೆ ನೀವು ಮಾವಿನಕಾಯಿ, ನಿಂಬೆಕಾಯಿ ಅಂದುಕೊಳ್ಳಬೇಡಿ. ಇದು ಮಿಡಿಸೌತೆ. ಹೊರದೇಶದ ದೊಡ್ಡ ಕಂಪನಿ. ನಮ್ಮ ಕಡೆಯವರಿಗೂ ಕೊರಟಗೆರೆ ಕಡೆಯವರಿಗೂ ಬೀಜ ಕೊಡುತ್ತದೆ. ಕಾಯಿ ಬೆರಳಿನಷ್ಟಾಗುತ್ತಿದ್ದಂತೆ ಕಿತ್ತು ತರಬೇಕು. ಬೆರಳಿಗಿಂತ ದಪ್ಪವಾದರೆ ಆ ಕಾಯಿ ದನಕ್ಕೆ. ದಪ್ಪವಾಗಬಾರದು ಅನ್ನುವ ಈ ನಿಯಮ ಕಾಯಿಗೆ ಮಾತ್ರ, ಕಂಪನಿಗಲ್ಲ. ಕಾಯಿಯನ್ನು ಹುಳಿನೀರಿನ ಡ್ರಮ್ಮಿಗೆ ತುಂಬಿ, ಡ್ರಮ್ಮನ್ನು ಲಾರಿಗೆ ತುಂಬಿ, ಲಾರಿಯನ್ನು ನಮ್ಮ ಮೋರಿಯ ಮೇಲೆ ಹತ್ತಿಸಿ ಹಡಗಿಗೆ ಕಳಿಸುತ್ತಾರೆ. ಹೊರದೇಶದ ಜನ ಅದನ್ನು ಬನ್ನಿನ ನಡುವೆ ಇಟ್ಟು ತಿನ್ನುತ್ತಾರಂತೆ. ನಮ್ಮೂರಿನಲ್ಲಿ ಅದರ ರುಚಿ ನೋಡಿದವರು ಯಾರೂ ಇಲ್ಲ. ವಾಸನೆ ಮಾತ್ರ ಪುಕ್ಕಟೆ, ಗಾಳಿ ತಿರುಗಿದಾಗಲೆಲ್ಲ ಮನೆಮನೆಗೆ ಬರುತ್ತದೆ.

ಮೋರಿಯ ಒಂದು ಮಗ್ಗುಲು ಕುಸಿದ ಮೇಲೆ ಬಸ್ಸಿನ ಡ್ರೈವರು ಇಳಿದು ನೋಡಿ, ತಲೆ ಕೊಡವಿ, ಕ್ರಾಸಿನಿಂದಲೇ ಬಸ್ಸು ತಿರುಗಿಸಿಕೊಂಡು ಹೋದ. ಅವತ್ತಿನಿಂದ ಬಸ್ಸು ಊರೊಳಕ್ಕೆ ಬರಲಿಲ್ಲ. ಲಾರಿಗಳು ಇನ್ನೊಂದು ಮಗ್ಗುಲಿನ ಮೇಲೆ ಹುಷಾರಾಗಿ ಹೋಗುತ್ತಿದ್ದವು, ಆ ಮಗ್ಗುಲೂ ಕುಸಿಯುವ ತನಕ ಅವಕ್ಕೇನು ತೊಂದರೆ?

ತೊಂದರೆಯಾದದ್ದು ಚಿಕ್ಕಮ್ಮನಿಗೆ. ಅವಳದು ಹೂವಿನ ವ್ಯಾಪಾರ. ಮಧುಗಿರಿಯಲ್ಲಿ ಅವಳಿಗೆ ವರ್ತನೆಯ ಅಂಗಡಿಗಳಿದ್ದವು. ವರ್ತನೆ ಅಂದರೆ ದಿನಾ ಅವಳ ಹತ್ತಿರವೇ ಹೂವು, ಬೇರೆಯವರ ಹತ್ತಿರ ಕೊಳ್ಳುವ ಮಾತಿಲ್ಲ. ಹೋಟೆಲು, ಜವಳಿ ಅಂಗಡಿ, ಔಷಧಿ ಅಂಗಡಿ. ಬಾಗಿಲು ತೆಗೆದು ನೀರು ಹಾಕಿ ದೇವರ ಪಟಕ್ಕೆ ಹೂವು ಮುಡಿಸುವ ಹೊತ್ತಿಗೆ ಅವಳು ಅಲ್ಲಿರಬೇಕು. ಮೊದಲ ಬಸ್ಸಿಗೆ ಮನೆ ಬಾಗಿಲಲ್ಲೇ ಹತ್ತಿ ಹೋಗುತ್ತಿದ್ದವಳು ಈಗ ಬುಟ್ಟಿ ಹೊತ್ತು ಕ್ರಾಸಿನ ತನಕ ನಡೆದು, ಸಿಕ್ಕಿದ ಬಸ್ಸು ಹಿಡಿದು ತಲುಪುವಷ್ಟರಲ್ಲಿ ಹೋಟೆಲಿನವರು ಎರಡನೆಯ ಸುತ್ತು ಇಡ್ಲಿ ಇಳಿಸಿರುತ್ತಿದ್ದರು. ದೇವರು ಕಾಯುತ್ತಿದ್ದನೋ ಏನೋ, ಹೋಟೆಲಿನವನು ಕಾಯುವುದಿಲ್ಲ. ವರ್ತನೆ ಒಮ್ಮೆ ಕೈ ತಪ್ಪಿದರೆ ಮತ್ತೆ ಸಿಗುವುದಿಲ್ಲ. ಆ ಬಸ್ಸು ಊರೊಳಕ್ಕೆ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಬಸ್ಸು ಬರಬೇಕಾದರೆ ಮೋರಿ ಆಗಬೇಕು, ಮೋರಿ ಆಗಬೇಕಾದರೆ ಪಂಚಾಯಿತಿಯಲ್ಲಿ ಹಣ ಇರಬೇಕು, ಹಣ ಇರಬೇಕಾದರೆ ಕಂಪನಿ ಕಂದಾಯ ಕಟ್ಟಬೇಕು. ಫ್ಯಾಕ್ಟರಿ ಬಂದ ಹೊಸತರಲ್ಲಿ ಅಂದಿನ ಪಂಚಾಯಿತಿ, ಊರಿಗೆ ಬಂದ ನೆಂಟರಿಗೆ ಕಾಲಿಗೆ ನೀರು ಕೊಟ್ಟಂತೆ, ಇಷ್ಟು ವರ್ಷ ಕಂದಾಯ ಮಾಫಿ ಎಂದು ಬರೆದುಕೊಟ್ಟಿತ್ತು. ಆ ಅವಧಿ ಮುಗಿದಿತ್ತು. ಮಾಫಿಯನ್ನು ಮುಂದುವರಿಸಿ ಎಂದು ಕೇಳಲು ಮ್ಯಾನೇಜರು ಬಂದಿದ್ದ. ಒಳ್ಳೆಯ ಹುಡುಗ, ಬೆಂಗಳೂರಿನವನು. ಬಿಸಿಲಿಗೆ ಕೆಂಪಗಾಗಿದ್ದ. ಅವನಿಗೆ ನಮ್ಮ ಚಿಕ್ಕಮ್ಮನೇ ಎದ್ದುಹೋಗಿ ಮಜ್ಜಿಗೆ ತಂದುಕೊಟ್ಟಳು.

"ನೋಡಿ, ಟ್ಯಾಕ್ಸ್ ಕಟ್ಟಲ್ಲ ಅಂತ ನಾವು ಹೇಳ್ತಿಲ್ಲ," ಅಂದ ಅವನು. "ಆದ್ರೆ ನಮ್ಮ ಇಂಡಿಯಾ ಕಂಪನಿ ಲಾಸ್‌ನಲ್ಲಿದೆ. ಪ್ರತಿ ವರ್ಷನೂ ಲಾಸ್."

"ಲಾಸಾ?" ಅಂದರು ಅಧ್ಯಕ್ಷೆ. "ದಿನಾ ಅಷ್ಟೊಂದು ಲಾರಿ ಓಡ್ತವಲ್ಲ ಸಾರ್?"

"ಲಾರಿ ಓಡುತ್ತೆ ಮೇಡಂ. ಲಾಭ ಇಲ್ಲ."

ಲಾರಿಗಿಂತ ಮೊದಲೇ ಲಾಭ ಓಡಿಹೋಗಿರುತ್ತದೆ ಅನ್ನುವುದು ನಮಗೆ ಆಮೇಲೆ ಅರ್ಥವಾಯಿತು. ಅಲ್ಲಿಯ ತನಕ ನಮಗೆಲ್ಲ ಅವನ ಮೇಲೆ ಅಯ್ಯೋ ಅನಿಸಿತು. ಪ್ರತಿ ವರ್ಷ ಲಾಸಾದರೂ ಪ್ರತಿ ವರ್ಷ ಒಂದು ಹೊಸ ಶೆಡ್ಡು ಕಟ್ಟುತ್ತಾ, ಕಾಂಪೌಂಡು ಎತ್ತರಿಸುತ್ತಾ, ನಮ್ಮ ಸಲುವಾಗಿ ಎಷ್ಟು ಕಷ್ಟಪಡುತ್ತಿದ್ದಾರಲ್ಲ ಎಂದು.

ಪಿಡಿಒ ಮೆಲ್ಲನೆ, "ಕಂದಾಯ ಕಟ್ಟಡಕ್ಕೆ ಸಾರ್, ಲಾಭಕ್ಕಲ್ಲ," ಅಂದರು. ಎಷ್ಟು ಮೆಲ್ಲಗೆಂದರೆ, ಆ ಮಾತಿಗೆ ತಾವು ಜವಾಬ್ದಾರರಲ್ಲ ಅನ್ನುವ ಹಾಗೆ.

"ಲಾಭ ಇದ್ರೆ ತಾನೆ ಎಲ್ಲಾದಕ್ಕೂ ಕಟ್ಟೋಕೆ ಆಗೋದು? ನಾವು ಮಾಲನ್ನ ನಮ್ಮ ಸಿಸ್ಟರ್ ಕಂಪನಿಗೆ ಕೊಡ್ತೀವಿ. ಹೊರಗಡೆ ಮಾರೋದು ಅವರು."

ಸಿಸ್ಟರ್ ಅಂದದ್ದೇ ನಮ್ಮ ಬೀಗರು ನೆಟ್ಟಗೆ ಕೂತರು. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. "ಅಕ್ಕನೋ, ಚೆಲ್ಲೆಲೋ ಸಾಮಿ? ದೊಡ್ಡೋಳೋ ಚಿಕ್ಕೋಳೋ?"

"ಅಂದ್ರೆ... ಸಿಸ್ಟರ್ ಕನ್ಸರ್ನ್. ಒಂದೇ ಗ್ರೂಪು."

"ಅದೇಲೆ, ಒಂದೇ ಮನೆ. ಯಾವೂರ್ಗೆ ಕೊಟ್ಟಿರಿ?"

"ಅದು ಒಂದು ಐಲ್ಯಾಂಡ್‌ನಲ್ಲಿ ರಿಜಿಸ್ಟರ್ ಆಗಿದೆ."

"ಓಹೋ, ರಿಜಿಸ್ಟರ್ ಮದುವೆ!" ಅಂದರು ಬೀಗರು. ಜಮಖಾನವೆಲ್ಲ ನಕ್ಕಿತು. ಮ್ಯಾನೇಜರೂ ನಕ್ಕ, ಯಾಕೆಂದು ಗೊತ್ತಾಗದೆ.

ಚಿಕ್ಕಮ್ಮ ಮಾತ್ರ ನಗಲಿಲ್ಲ. "ತಂಗಿಗೆ ಎಷ್ಟಕ್ಕೆ ಕೊಡ್ತೀಯಪ್ಪ ಮಾಲ?"

"ನಮಗೆ ಏನು ಖರ್ಚು ಬೀಳುತ್ತೋ ಹೆಚ್ಚುಕಮ್ಮಿ ಅಷ್ಟಕ್ಕೇ ಅಮ್ಮ."

"ಪಾಪ, ಒಡಹುಟ್ಟಿದೋರ ತಾವ ಲಾಭ ಇಟ್ಕಳಾಕೆ ಆಯ್ತದಾ?" ಅಂದಳು ಚಿಕ್ಕಮ್ಮ ಊರವರ ಕಡೆ ತಿರುಗಿ, ನೋಡಿ ಕಲಿಯಿರಿ ಅನ್ನುವ ಹಾಗೆ. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ಜಮಖಾನದ ಆ ತುದಿಯಲ್ಲಿ ಕೂತಿದ್ದ. ತಲೆ ತಗ್ಗಿಸಿದ. ಅವರಿಬ್ಬರ ನಡುವೆ ಒಂದು ಹುಣಸೆ ಮರದ ವ್ಯಾಜ್ಯವಿದೆ, ಅದು ಬೇರೆ ಕಥೆ.

ಮ್ಯಾನೇಜರಿಗೆ ಹುರುಪು ಬಂತು. "ಇನ್ನೊಂದು ಏನು ಅಂದ್ರೆ, ನಮ್ಮ ಬ್ರ್ಯಾಂಡ್ ನೇಮ್ ಇದೆಯಲ್ಲ, ಅದು ನಮ್ಮದಲ್ಲ. ತಾಯಿ ಕಂಪನಿದು. ಅದಕ್ಕೆ ನಾವು ರಾಯಲ್ಟಿ ಕಟ್ಟಬೇಕು."

ನಮ್ಮ ಕಡೆ ರಾಯಲ್ಟಿ ಎಂದರೆ ಕಲ್ಲು ಕ್ವಾರಿಯವರು ಗಣಿ ಇಲಾಖೆಗೆ ಕಟ್ಟುವುದು. ಬೀಗರು ಕೇಳಿಯೇಬಿಟ್ಟರು: "ಉಪ್ಪಿನಕಾಯಿಯಾಗೆ ಕಲ್ಲು ಏಸ್ತಾರಾ?"

"ಕಲ್ಲಲ್ಲ ಯಜಮಾನ್ರೆ. ಹೆಸರಿಗೆ. ಹೆಸರಿನ ಬಾಡಿಗೆ ಅಂದ್ಕೊಳ್ಳಿ. ತಾಯಿ ಕಂಪನಿ ಹೆಸರನ್ನ ನಾವು ಇಟ್ಕೊಂಡಿದೀವಿ, ಅದಕ್ಕೆ ಬಾಡಿಗೆ. ಅದು ಕಟ್ಟೋಷ್ಟರಲ್ಲಿ ಇಲ್ಲಿ ಏನೂ ಉಳಿಯಲ್ಲ."

ತಾಯಿಯ ಹೆಸರು ಹೇಳಿಕೊಳ್ಳಲು ಮಕ್ಕಳು ತಾಯಿಗೇ ಬಾಡಿಗೆ ಕಟ್ಟುವ ಮನೆತನವನ್ನು ನಾವು ಕಂಡಿರಲಿಲ್ಲ. ಎಂಥ ಶಿಸ್ತಿನ ಮನೆ! ನಮ್ಮ ಮನೆಗಳಲ್ಲಿ ತಾಯಿಗೆ ಕನ್ನಡಕ ಕೊಡಿಸಲು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತೇವೆ.

"ತಾಯಿ ಎಲ್ಲವ್ರೆ?" ಎಂದು ಅಧ್ಯಕ್ಷೆ ಕೇಳಿದರು.

ಇಲ್ಲಿ ಪಿಡಿಒ ತಮ್ಮ ಓದನ್ನು ತೋರಿಸಿದರು. "ಅದೂ ಅಂಥದೇ ಜಾಗ ಇರ್ತದೆ ಮೇಡಂ. ಪೇಪರಲ್ಲಿ ಬರ್ತದಲ್ಲ, ತೆರಿಗೆನೇ ಇಲ್ಲದ ಜಾಗ, ತೆರಿಗೆ ಸ್ವರ್ಗ ಅಂತ."

ಈ ಮಾತನ್ನು ನಾನು ಆಮೇಲೆ ನನ್ನ ಅಂಗಡಿಗೆ ಬರುವ ವಕೀಲರೊಬ್ಬರ ಹತ್ತಿರ ಕೇಳಿದೆ. ಇಂಗ್ಲಿಷಿನಲ್ಲಿ ಅದು ಹೇವನ್, ಹಡಗು ಬಂದು ತಂಗುವ ಆಸರೆಯ ಜಾಗ ಅನ್ನುವ ಮಾತಂತೆ. ಅದರಲ್ಲಿ ಇನ್ನೊಂದೇ ಒಂದು ಅಕ್ಷರ ಸೇರಿದರೆ ಹೆವನ್, ಅಂದರೆ ಸ್ವರ್ಗವಾಗುತ್ತದಂತೆ. ಯಾವ ಕಾಲದಲ್ಲೋ ಪೇಪರಿನ ಆಫೀಸಿನಲ್ಲಿ ಯಾರೋ ಆತುರದಲ್ಲಿ ಆ ಅಕ್ಷರವನ್ನೂ ಸೇರಿಸಿ ಓದಿ, ಸ್ವರ್ಗ ಎಂದೇ ಬರೆದುಬಿಟ್ಟಿರಬೇಕು ಅಂದರು. ತಪ್ಪೇ ಇರಲಿ, ಇದಕ್ಕಿಂತ ಸರಿಯಾದ ಮಾತು ಕನ್ನಡದಲ್ಲಿ ಸಿಗಲಾರದು.

ಚಿಕ್ಕಮ್ಮನಿಗೆ ಅಕ್ಷರದ ಗೊಡವೆ ಇಲ್ಲ. ಹೂವಿನ ದಾರವನ್ನು ಕಾಲ್ಬೆರಳಿನಿಂದ ಬಿಡಿಸಿ, ಕೈ ಮಡಿಲಲ್ಲಿಟ್ಟು ಕೇಳಿದಳು: "ಅಂಗಾರೆ, ಹೆಸರು ಯಾರ್ದೋ ಅವ್ರು ಸ್ವರ್ಗದಾಗವ್ರೆ. ಅವ್ರ ಹೆಸರು ಇಟ್ಕಂಡೋರು ಅಲ್ಲಿಗೆ ಬಾಡಿಗೆ ಕಟ್ಬೇಕು. ಅದ್ಕೆ ಇಲ್ಲಿ ಸುಂಕ ಇಲ್ಲ. ಇಂಗೇನಪ್ಪ?"

ತನ್ನ ಮಾತು ಒಬ್ಬರಿಗಾದರೂ ತಿಳಿಯಿತಲ್ಲ ಎಂದು ಹುಡುಗನ ಮುಖ ಅರಳಿತು. "ಕರೆಕ್ಟ್ ಅಮ್ಮ! ಎಕ್ಸಾಕ್ಟ್ಲಿ! ಕಾನೂನಲ್ಲೇ ಅವಕಾಶ ಇದೆ."

"ಎಲ್ಲರ್ಗೂ ಐತಾ?"

"ಎಲ್ಲರಿಗೂ ಇದೆ ಅಮ್ಮ. ಕಾನೂನು ಎಲ್ಲರಿಗೂ ಒಂದೇ ಅಲ್ವಾ?"

ಸಭೆ ಮುಗಿಯುವ ಮೊದಲು ಅವನು ಇನ್ನೆರಡು ಮಾತು ಹೇಳಿದ. ಒಂದು, ಕಂದಾಯ ಕಂದಾಯ ಎಂದು ಬಹಳ ಒತ್ತಾಯ ಮಾಡಿದರೆ ಕಂಪನಿ ಆಂಧ್ರದ ಕಡೆ ಹೋಗಬೇಕಾದೀತು. ಅದಕ್ಕೆ ಬೀಗರು, "ಮಾ ಕಡೆ ಕೂಡಾ ಮೋರಿಗಳು ಉನ್ನಾಯಿ ಸಾಮಿ, ಮುರಿಯಾಕೆ. ಬನ್ನಿ ಬನ್ನಿ," ಅಂದರು. ಆದರೆ ಅಧ್ಯಕ್ಷೆ ನಗಲಿಲ್ಲ. ಅವರ ಸ್ವಂತ ತಂಗಿ, ಬೀದಿಯ ಎಷ್ಟೋ ಹೆಣ್ಣುಮಕ್ಕಳು ಅಲ್ಲಿ ಕಾಯಿ ಆರಿಸಲು ಹೋಗುತ್ತಾರೆ. ಸಂಬಳ ಬರುತ್ತದೆ, ಸುಳ್ಳು ಹೇಳಬಾರದು. ಎರಡನೆಯದು, ಟ್ಯಾಕ್ಸ್ ಬೇರೆ, ಆದರೆ ಸಮಾಜಕ್ಕೆ ವಾಪಸ್ ಕೊಡುವುದರಲ್ಲಿ ಕಂಪನಿ ಹಿಂದೆ ಬೀಳುವುದಿಲ್ಲ, ಊರಿಗೆ ಏನಾದರೂ ಒಂದು ಒಳ್ಳೆಯ ಕಾಣಿಕೆ ಕೊಟ್ಟೇ ಕೊಡುತ್ತದೆ. ಮಾಫಿಯ ವಿಷಯ ಮುಂದಿನ ಸಭೆಗೆ ಹೋಯಿತು. ಮೋರಿಯೂ ಅದರ ಜೊತೆಗೇ ಹೋಯಿತು.

ಮಧುಗಿರಿಯ ಸಂತೆಯ ದಿನ ನಾನು ಅಂಗಡಿ ಬಾಗಿಲು ಅರ್ಧ ಎಳೆದು ಸಂತೆಗೆ ಹೋಗುವುದುಂಟು. ಕರಿ ಬೆಟ್ಟ ಬೆಳಗಿನ ಬಿಸಿಲನ್ನು ಸಾಕಷ್ಟು ಹೊತ್ತು ತಡೆದಿಟ್ಟುಕೊಂಡು, ಆಮೇಲೆ ಒಂದೇ ಸಲ ತಲೆಯ ಮೇಲೆ ಸುರಿಯುತ್ತದೆ. ಆ ಹೊತ್ತಿಗೆ ನಾನು, ವರ್ತನೆ ಮುಗಿಸಿ ಚಿಕ್ಕಮ್ಮ ಉಳಿದ ಹೂವು ಇಟ್ಟುಕೊಂಡು ಕೂರುವ ಸಾಲಿಗೆ ಬಂದೆ. ಅವಳ ಮುಖ ಸಪ್ಪಗಿತ್ತು. ಜವಳಿ ಅಂಗಡಿಯವರು ನಾಳೆಯಿಂದ ಹೂವು ಬೇಡ ಅಂದಿದ್ದರಂತೆ. ಹತ್ತಿರದವಳೇ ಯಾರೋ ಹೊತ್ತಿಗೆ ಸರಿಯಾಗಿ ತಂದುಕೊಡುತ್ತಾಳಂತೆ.

"ನಾ ಏನು ಬೇಕೂಂತ ತಡ ಮಾಡ್ತೀನೇನ್ಲಾ?" ಅಂದಳು.

ಅಷ್ಟರಲ್ಲಿ ಸುಂಕದ ಸಾಬರು ಬಂದರು. ಸಂತೆಯಲ್ಲಿ ನೆಲದ ಮೇಲೆ ಬುಟ್ಟಿ ಇಟ್ಟು ಕೂತವರೆಲ್ಲ ಸುಂಕ ಕೊಡಬೇಕು. ಅದನ್ನು ವಸೂಲಿ ಮಾಡುವ ಗುತ್ತಿಗೆ ಹಿಡಿದವರು ಶಿರಾದ ಕಡೆಯ ಈ ಹಿರಿಯರು. ಹೆಗಲಿಗೊಂದು ಚರ್ಮದ ಚೀಲ, ಕೈಯಲ್ಲಿ ಚೀಟಿಯ ಕಟ್ಟು. ಸುಂಕಕ್ಕೆ ಅವರು ಜಕಾತಿ ಅನ್ನುವುದು, ನಮ್ಮ ಅಜ್ಜಂದಿರು ಅನ್ನುತ್ತಿದ್ದ ಹಾಗೆ. ಈ ಸಾಲಿನ ಹೆಂಗಸರ ಜೊತೆ ಅವರದು ಎಷ್ಟೋ ವರ್ಷಗಳ ಜಗಳ, ಅಷ್ಟೇ ವರ್ಷಗಳ ಎಲೆ ಅಡಿಕೆ.

"ಏನಮ್ಮಾ, ಬೋಣಿ ಆಯ್ತಾ? ಜಕಾತಿ ಕೊಡು, ಜಲ್ದಿ."

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡಳು. "ಇನ್ಮೇಲೆ ನಂದು ಇಲ್ಲ ಕಣ್ ಸಾಬ್ರೆ."

"ಯಾಕಮ್ಮ?"

"ಲಾಸು."

"ಲಾಸು ಆದ್ರೆ ನಾಳೆ ಲಾಭ ಬರ್ತೈತೆ. ಜಕಾತಿ ಕೊಡು."

"ಹೆಸರಿನ ಬಾಡಿಗೆ ಕಟ್ಬೇಕು. ಕಾನೂನಾಗೇ ಐತೆ. ನಂಗಿಕ್ಕಿರೋ ಹೆಸರು ನಂದಲ್ಲ, ನಮ್ಮಜ್ಜೀದು."

ಸಾಬರು ಚೀಟಿಯ ಕಟ್ಟನ್ನು ಕೆಳಗಿಳಿಸಿದರು. "ಅಜ್ಜಿ ಎಲ್ಲವ್ರೆ?"

"ಸ್ವರ್ಗದಾಗವ್ಳೆ," ಅಂದಳು ಚಿಕ್ಕಮ್ಮ, ಪೂರ್ತಿ ನಂಬಿಕೆಯಿಂದ. ಅಜ್ಜಿ ಅಲ್ಲಲ್ಲದೆ ಇನ್ನೆಲ್ಲಿಗೆ ಹೋಗುತ್ತಾಳೆ? ಅಂಥ ಹೆಂಗಸು.

ನಾನು ನಡುವೆ ಬಾಯಿ ಹಾಕಲು ನೋಡಿದೆ. ಅಷ್ಟರಲ್ಲಿ ಪಕ್ಕದಲ್ಲಿ ಸೊಪ್ಪು ಮಾರುವವಳು ಕಿವಿ ನೆಟ್ಟಗೆ ಮಾಡಿದಳು. "ಏನಕ್ಕ ಅದು? ಅಜ್ಜಿ ಹೆಸರಾದ್ರೆ ಸುಂಕ ಇಲ್ವಾ? ನಂಗೂ ನಮ್ಮಜ್ಜಿ ಹೆಸ್ರೇ ಕಣಕ್ಕ!"

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬೇಕು. ಹುಟ್ಟಿದ ಮಗುವಿಗೆ ಅಜ್ಜನದೋ ಅಜ್ಜಿಯದೋ ಹೆಸರಿಡದಿದ್ದರೆ ಮನೆಯಲ್ಲಿ ರಂಪವೇ ಆಗುತ್ತದೆ. ಹಾಗಾಗಿ ಆ ಸಾಲಿನಲ್ಲಿ ಸ್ವಂತ ಹೆಸರಿನವರು ಒಬ್ಬರೂ ಇರಲಿಲ್ಲ. ಮೆಣಸಿನಕಾಯಿಯವಳ ಅಜ್ಜಿ ಸ್ವರ್ಗದಲ್ಲಿದ್ದಳು, ಬದನೆಕಾಯಿಯವಳ ಅಜ್ಜಿಯೂ ಇದ್ದಳು. ಬರಗೂರಿನಿಂದ ಬಂದಿದ್ದ ಕಡಲೆಕಾಯಿಯವನ ಅಜ್ಜ ತೀರಿಕೊಂಡು ತಿಂಗಳಾಗಿರಲಿಲ್ಲ. "ನಮ್ಮ ತಾತ ಈಗ ಹೊಸದಾಗಿ ಹೋಗವ್ನೆ ಸಾಬ್ರೆ, ಬಾಡಿಗೆ ಜಾಸ್ತಿ ಬೀಳ್ತದೆ!" ಎಂದು ಕೂಗಿದ. ಒಬ್ಬಳು ಮಾತ್ರ, ತನ್ನ ಅಜ್ಜಿ ಇನ್ನೂ ಬದುಕಿದ್ದಾಳಲ್ಲ ಎಂದು ಬೇಜಾರು ಮಾಡಿಕೊಂಡಳು.

ಸಾಬರು ನಗುವಷ್ಟೂ ನಕ್ಕರು. ಕಣ್ಣೊರೆಸಿಕೊಂಡು ಚಿಕ್ಕಮ್ಮನ ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಯಾರಮ್ಮ ಇದನ್ನ ಹೇಳಿದ್ದು ನಿಂಗೆ?"

"ನಮ್ಮೂರ ಕಂಪನಿಯೋನು. ಎಲ್ಲರ್ಗೂ ಐತೆ ಅಂದ."

"ಅರೆ, ನಿನ್ನ ಅಜ್ಜಿ ಸ್ವರ್ಗದಲ್ಲಿರಲಿ, ನಮ್ಮ ಜನ್ನತ್‌ನಲ್ಲಿರಲಿ. ನೀನ್ ಕೂತಿರೋದು ಮಧುಗಿರೀಲಿ ಅಲ್ವೇನಮ್ಮ? ಸಾಯಂಕಾಲ ಈ ಎಲೆ, ನಾರು, ಕಸ ಎಲ್ಲಾ ಗುಡಿಸೋಕೆ ನಿನ್ನ ಅಜ್ಜಿ ಬರ್ತಾಳಾ?"

ಚಿಕ್ಕಮ್ಮ ಬುಟ್ಟಿಯ ಸುತ್ತ ಬಿದ್ದಿದ್ದ ನಾರನ್ನು ಒಂದು ಕಡೆ ಸರಿಸಿದಳು.

"ಕೂತಲ್ಲಿ ಕೊಡೋದು ಜಕಾತಿ. ನಮ್ಮಲ್ಲಿ ಜಕಾತ್ ಅಂತ ಒಂದೈತೆ, ಅದು ಬೇರೆ, ಬಡವರಿಗೆ ಕೊಡೋದು. ಅದನ್ನೂ ಮೊದಲು ಹತ್ತಿರದೋರಿಗೆ ಕೊಡು, ಆಮೇಲೆ ದೂರದೋರಿಗೆ ಅಂತಾರೆ ನಮ್ಮ ದೊಡ್ಡೋರು. ಪಕ್ಕದ ಮನೇಲಿ ಒಲೆ ಹತ್ತಿಲ್ಲ, ನೀನು ಸಮುದ್ರದಾಚೆಗೆ ಬಿರಿಯಾನಿ ಕಳಿಸ್ತೀಯಾ? ನಿನ್ನ ಕಂಪನಿಯೋನು ಪೂರಾ ಉಲ್ಟಾ ಕಣಮ್ಮ."

ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಸುಂಕ ಕೊಟ್ಟಳು. ಸಾಲಿನವರೆಲ್ಲ ನಗುನಗುತ್ತಾ ಕೊಟ್ಟರು. ಅವಳು ಮಾತ್ರ ನಗಲಿಲ್ಲ. ಅವರಿಗೆ ಅದು ಸಂತೆಯ ತಮಾಷೆ, ಅವಳಿಗಲ್ಲ. ಮಜ್ಜಿಗೆ ಕುಡಿದು ಹೋದ ಹುಡುಗ ಮುಖ ನೋಡಿಕೊಂಡು ಎಲ್ಲರಿಗೂ ಇದೆ ಅಂದಿದ್ದ.

"ಎಲ್ಲರ್ಗೂ ಐತೆ ಅಂದನಲ್ಲೋ," ಎಂದು ನನ್ನನ್ನು ಕೇಳಿದಳು. "ಸುಳ್ಳಾ?"

"ಸುಳ್ಳಲ್ಲ ಚಿಕ್ಕಮ್ಮ. ನಿನ್ನ ಅಜ್ಜಿ ಇರೋದು ಬರೀ ಸ್ವರ್ಗ. ಅವರದ್ದು ತೆರಿಗೆ ಸ್ವರ್ಗ. ಅಲ್ಲಿಗೆ ಹೋಗಬೇಕಾದ್ರೆ ಸಾಯಬೇಕಾಗಿಲ್ಲ, ಆಡಿಟರ್ ಇದ್ದರೆ ಸಾಕು."

"ನಿನ್ ತಲೆ," ಅಂದಳು.

ಕಂಪನಿ ಕೊಟ್ಟ ಮಾತಿಗೆ ತಪ್ಪಲಿಲ್ಲ. ಸ್ವಲ್ಪ ದಿನಕ್ಕೆ ಊರ ಮುಂದೆ ಕಾಣಿಕೆ ತಯಾರಾಯಿತು. ಏನೆಂದರೆ, ಬಸ್ ತಂಗುದಾಣ. ಹೌದು, ನೀವು ಓದಿದ್ದು ಸರಿ. ಬಸ್ಸು ಬಾರದ ಊರಿಗೆ ಬಸ್ ತಂಗುದಾಣ. ಕಣ್ಣು ಕೋರೈಸುವ ಸ್ಟೀಲಿನ ಬೆಂಚು, ಫೋನ್ ಚಾರ್ಜು ಮಾಡಿಕೊಳ್ಳಲು ಪ್ಲಗ್ಗು, ಮೇಲೆ ದೊಡ್ಡದಾಗಿ ಕಂಪನಿಯ ಹೆಸರು. ಆ ಹೆಸರು ಬರೆಸಿದ್ದಕ್ಕೂ ತಾಯಿಗೆ ಬಾಡಿಗೆ ಹೋಯಿತೋ ಏನೋ ತಿಳಿಯದು. ಒಳಗೆ ಗೋಡೆಗೆ ಬಸ್ಸಿನ ವೇಳಾಪಟ್ಟಿ ಹಾಕಲೆಂದು ಗಾಜಿನ ಚೌಕಟ್ಟನ್ನೂ ಇಟ್ಟಿದ್ದರು, ಖಾಲಿ. ಇಷ್ಟು ಪ್ರಾಮಾಣಿಕವಾದ ವೇಳಾಪಟ್ಟಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಉದ್ಘಾಟನೆಗೆ ಶಾಮಿಯಾನ, ಮೈಕು, ಫೋಟೋದವನು. ಟೇಪು ಕತ್ತರಿಸಲು ಸ್ಥಳೀಯ ಮಹಿಳಾ ಉದ್ಯಮಿಯೊಬ್ಬರು ಬೇಕೆಂದು ಮೇಲಿನಿಂದ ಸೂಚನೆ ಬಂದಿತ್ತಂತೆ. ಮ್ಯಾನೇಜರಿಗೆ ಮಜ್ಜಿಗೆಯ ನೆನಪಿತ್ತು. ನಮ್ಮ ಚಿಕ್ಕಮ್ಮ ಒಂದೇ ಬೆಳಗಿಗೆ ಉದ್ಯಮಿಯಾದಳು. ಸಮಾರಂಭದ ಹಾರಗಳಿಗೆ ಹೂವನ್ನು ಮಾತ್ರ ಅವಳ ಹತ್ತಿರ ಕೊಳ್ಳಲಿಲ್ಲ, ಅವು ಬೆಂಗಳೂರಿನಿಂದ ಡಬ್ಬಿಯಲ್ಲಿ ಬಂದಿದ್ದವು.

ಅವಳು ಟೇಪು ಕತ್ತರಿಸಿದಳು. ಬೆಂಚಿನ ಮೇಲೆ ಕೂತು ತೋರಿಸಿ ಅಂದರು, ಕೂತಳು. ಫೋಟೋ ಆಯಿತು. ಮ್ಯಾನೇಜರು ಮೈಕನ್ನು ಅವಳ ಮುಂದೆ ಹಿಡಿದು, "ಹೇಗಿದೆ ಅಮ್ಮ, ಎರಡು ಮಾತು ಹೇಳಿ," ಅಂದ.

"ಚೆನ್ನಾಗೈತೆ ಕಣಪ್ಪ," ಅಂದಳು ಚಿಕ್ಕಮ್ಮ. ಮೈಕಿನಲ್ಲಿ ತನ್ನದೇ ದನಿ ಕೇಳಿ ಒಂದು ಸಲ ಬೆಚ್ಚಿದಳು. "ಬಸ್ಸೆಲ್ಲಿ?"

"ಬಸ್ಸು... ಬಸ್ಸು ನಮ್ಮ ಸ್ಕೋಪ್‌ನಲ್ಲಿ ಬರಲ್ಲ ಅಮ್ಮ."

"ಸ್ಕೋಪ್‌ನಾಗೆ ಯಾಕಪ್ಪ ಬರ್ಬೇಕು? ರೋಡ್‌ನಾಗೆ ಬಂದ್ರೆ ಸಾಕು. ಮೋರಿ ಕಟ್ಸಿ."

"ಮೋರಿ ಸರ್ಕಾರದ್ದು ಅಮ್ಮ. ಪಂಚಾಯಿತಿಯವರು..."

"ಪಂಚಾ‌ಯ್ತಿಗೆ ನೀನ್ ಕೊಟ್ರೆ ತಾನೆ ಅವ್ರು ಕಟ್ಸಾದು?" ಚಿಕ್ಕಮ್ಮ ಬೆಂಚಿನಿಂದ ಎದ್ದಳು. ಸಿಟ್ಟಿನಿಂದ ಹೇಳಿದಳು ಅನ್ನುವಂತಿರಲಿಲ್ಲ, ಸಾಬರು ತನಗೆ ಹೇಳಿದ್ದನ್ನು ಅವನಿಗೂ ಹೇಳಿಬಿಡೋಣ, ಪಾಪ ಅವನಿಗೂ ಗೊತ್ತಿರಲಿಕ್ಕಿಲ್ಲ ಅನ್ನುವಂತಿತ್ತು. "ನೋಡು ಮಗ. ನಿಮ್ಮವ್ವ ಯಾವ ಸ್ವರ್ಗದಾಗಾರ ಇರ್ಲಿ. ನೀನ್ ಕೂತಿರಾದು ನಮ್ಮೂರಾಗೆ. ಕೂತಲ್ಲಿ ಕೊಡ್ಬೇಕು. ನಾನೂ ಕೊಡಲ್ಲ ಅಂತ ನೋಡ್ದೆ ಕಣಪ್ಪ, ಸಂತೆಯಾಗೆ ಎಲ್ಲರೂ ನಕ್ಕುಬುಟ್ರು. ನಿಂಗೂ ನಗ್ತಾರೆ."

ಮೈಕು ಅವಳ ಮುಂದೆಯೇ ಇತ್ತು. ಊರಿಗೆಲ್ಲ ಕೇಳಿಸಿತು. ಕಾಯಿ ಆರಿಸುವ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದರು. ಅಧ್ಯಕ್ಷೆ ತಲೆ ಬಗ್ಗಿಸಿ ತಮ್ಮ ಹಾರದ ಎಸಳು ಬಿಡಿಸುತ್ತಾ ಕೂತಿದ್ದರು. ಮುಂದಿನ ಸಭೆಯಲ್ಲಿ ಅವರು ಮಾಫಿ ಮುಂದುವರಿಸುವುದಿಲ್ಲ ಎಂದು ಠರಾವು ಮಾಡಿಸಿದರು. ಅವರ ತಂಗಿ ಎರಡು ದಿನ ಮಾತು ಬಿಟ್ಟಳಂತೆ.

ಠರಾವಿಗೆ ಕಂಪನಿ ಅಂಜಲಿಲ್ಲ. ನೋಟಿಸು ಹೋಯಿತು, ಉತ್ತರ ಬಂತು, ಉತ್ತರಕ್ಕೆ ಉತ್ತರ ಹೋಯಿತು. ಅವೆಲ್ಲ ನನ್ನ ಅಂಗಡಿಯಲ್ಲೇ ಜೆರಾಕ್ಸ್ ಆದವು, ಈ ದೊಡ್ಡ ವ್ಯವಹಾರದಲ್ಲಿ ಲಾಭ ಕಂಡವನು ನಾನೊಬ್ಬನೇ. ಅಷ್ಟರಲ್ಲಿ ಔಷಧಿ ಅಂಗಡಿಯವರೂ ಚಿಕ್ಕಮ್ಮನ ವರ್ತನೆ ಬಿಟ್ಟರು. ಹೋಟೆಲಿನವನೊಬ್ಬ ಉಳಿದಿದ್ದ, ಅವನೂ ಗೊಣಗುತ್ತಿದ್ದ.

ಈ ಕಂದಾಯದ ಜಗಳವನ್ನು ಬಗೆಹರಿಸಿದ್ದು ಮಳೆ. ಒಂದು ಸಾಯಂಕಾಲ ಮೋಡ ಕಟ್ಟಿ, ನಮ್ಮ ಕಡೆ ಅಪರೂಪಕ್ಕೆ ಬರುವಂಥ ಮಳೆ ಬಂತು. ಹಳ್ಳ ತುಂಬಿ ಹರಿಯಿತು. ಬೆಳಗ್ಗೆ ಲೋಡು ಹೊತ್ತು ಹೊರಟ ಲಾರಿ ಉಳಿದಿದ್ದ ಮಗ್ಗುಲಿನ ಮೇಲೆ ಹತ್ತಿದ್ದೇ ತಡ, ಹಿಂದಿನ ಚಕ್ರ ಕೆಳಕ್ಕೆ ಹೋಯಿತು. ಡ್ರೈವರಿಗೆ ಏನೂ ಆಗಲಿಲ್ಲ. ಡ್ರಮ್ಮುಗಳು ಉರುಳಿ ಒಡೆದು ಹಳ್ಳವೆಲ್ಲ ಹುಳಿಯಾಯಿತು, ಮಿಡಿಸೌತೆಗಳು ತೇಲುತ್ತಾ ಹೋದವು. ನಮ್ಮೂರಿನವರು ಆ ಉಪ್ಪಿನಕಾಯಿಯ ರುಚಿ ನೋಡಿದ್ದು ಅವತ್ತೇ. ಬೀಗರಿಗೂ ಒಂದಷ್ಟು ಕಳಿಸಿಕೊಟ್ಟೆ. ಉಪ್ಪು ಕಮ್ಮಿ, ಖಾರ ಇಲ್ಲವೇ ಇಲ್ಲ, ಲಾಸಾಗದೆ ಇನ್ನೇನಾಗುತ್ತದೆ ಎಂದು ಫೋನು ಮಾಡಿದರು.

ಫ್ಯಾಕ್ಟರಿಯೊಳಗೆ ತುಂಬಿ ನಿಂತ ಲಾರಿಗಳು ಹೊರಗೆ ಬರುವಂತಿರಲಿಲ್ಲ. ಬಂದರಿನಲ್ಲಿ ಹಡಗು ಕಾಯುತ್ತಿತ್ತು. ಮ್ಯಾನೇಜರು ಪಂಚಾಯಿತಿಗೆ ಓಡಿಬಂದ. ಬಟ್ಟೆಯೆಲ್ಲ ಕೆಸರು. ಅವತ್ತು ಮನೆ ಖಾತೆಯ ಕೆಲಸಕ್ಕೆಂದು ನಾನೂ ಅಲ್ಲಿದ್ದೆ.

"ಮೇಡಂ, ಇದು ನಿಮ್ಮ ರಸ್ತೆ! ಅರ್ಜೆಂಟಾಗಿ ರಿಪೇರಿ ಮಾಡಿಸಬೇಕು."

ಅಧ್ಯಕ್ಷೆ ಅವನಿಗೆ ಕುರ್ಚಿ ತೋರಿಸಿದರು. ನೀರು ತರಿಸಿದರು. ಅವನು ಕುಡಿದ ಮೇಲೆ ನಿಧಾನವಾಗಿ ಹೇಳಿದರು: "ಪಂಚಾಯಿತಿ ಲಾಸ್‌ನಲ್ಲಿದೆ ಸಾರ್."

ಅವನು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ನಿಂತು ತಾಯಿಗೆ ಫೋನು ಹಚ್ಚಿದ. ಮಾತು ಬಹಳ ಹೊತ್ತು ನಡೆಯಿತು. ಸ್ವರ್ಗದಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಕೇಳಿಕೊಂಡು ಒಪ್ಪಬೇಕಲ್ಲ. ಆ ವಾರವೇ ಕಂಪನಿ ಕಟ್ಟಡದ ಕಂದಾಯ ಕಟ್ಟಿತು, ತನ್ನ ಆಕ್ಷೇಪಣೆ ಹಾಗೇ ಇದೆ ಎಂಬ ಒಕ್ಕಣೆಯ ಕಾಗದದ ಸಮೇತ. ಅದನ್ನೂ ನಾನೇ ಜೆರಾಕ್ಸ್ ಮಾಡಿದೆ.

ಇದರಿಂದ ಲೋಕ ಬದಲಾಯಿತು ಅಂದುಕೊಳ್ಳಬೇಡಿ. ಕಟ್ಟಿದ್ದು ಬರೀ ಪಂಚಾಯಿತಿ ಕಂದಾಯ. ದೊಡ್ಡ ಲಾಭ ಈಗಲೂ ತಂಗಿಯ ಮನೆಗೆ ಹೋಗುತ್ತದೆ, ಹೆಸರಿನ ಬಾಡಿಗೆ ತಾಯಿಗೆ ಹೋಗುತ್ತದೆ, ಇಂಡಿಯಾ ಕಂಪನಿ ಈಗಲೂ ಲಾಸಿನಲ್ಲಿ ಒದ್ದಾಡುತ್ತಾ ಇನ್ನೊಂದು ಶೆಡ್ಡು ಎಬ್ಬಿಸುತ್ತಿದೆ. ಕೂತಲ್ಲಿ ಕೊಡಬೇಕು ಅನ್ನುವ ಸಾಬರ ಮಾತು ನಮ್ಮ ಮೋರಿಯ ತನಕ ಬಂದಿದೆ. ದೊಡ್ಡ ದೊಡ್ಡ ಊರುಗಳಲ್ಲಿ ದೊಡ್ಡವರೆಲ್ಲ ಕೂತು ಇದನ್ನೇ ಚರ್ಚೆ ಮಾಡುತ್ತಿದ್ದಾರಂತೆ. ಮಾಡಲಿ. ಅವರ ಊರಿಗೂ ಒಂದು ಒಳ್ಳೆಯ ಮಳೆ ಬರಲಿ.

ಆ ಹಣದಲ್ಲಿ ಮೋರಿ ಆಯಿತು. ಸಿಮೆಂಟು ಗಟ್ಟಿಯಾದ ಮೇಲೆ ಒಂದು ಬೆಳಗಿನ ಜಾವ ಕೆಂಪು ಬಸ್ಸು ಊರೊಳಕ್ಕೆ ಬಂದು ತಂಗುದಾಣದ ಮುಂದೆ ನಿಂತಿತು. ಚಿಕ್ಕಮ್ಮ ಸ್ಟೀಲಿನ ಬೆಂಚಿನಿಂದ ಎದ್ದು, ಬುಟ್ಟಿ ಎತ್ತಿಕೊಂಡು ಹತ್ತಿದಳು. ಅವಳ ಹಿಂದೆ ನಾನು ಹತ್ತಿದೆ. ಹೆಂಗಸರಿಗೆ ಬಸ್ಸು ಉಚಿತ. ಕಂಡಕ್ಟರು ಅವಳ ಆಧಾರ್ ಕಾರ್ಡು ನೋಡಿ ಚೀಟಿ ಕೊಟ್ಟ, ಆಮೇಲೆ ಬುಟ್ಟಿಯ ಕಡೆ ನೋಡಿ, "ಇದಕ್ಕೆ ಲಗೇಜು ಆಗ್ತದಮ್ಮ," ಅಂದ. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಬುಟ್ಟಿಗೂ ಟಿಕೆಟು ತೆಗೆದುಕೊಂಡಳು. ಮಧುಗಿರಿಯಲ್ಲಿ ಇಳಿದಾಗ ಹೋಟೆಲಿನವನು ಇನ್ನೂ ಬಾಗಿಲಿಗೆ ನೀರು ಹಾಕುತ್ತಿದ್ದ.